ಗಂಜಿ ಹಚ್ಚಿದ ಕಾಯ್ದೆ

ಮೊನ್ನೆ ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಪಾಂಡವಪುರದ ಬಸ್ಸಿಗೆ ಕಾಯುತ್ತಿದ್ದೆ. ಹುಳಿ ಬಂದ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ತಿರುಗಿದರೆ, ಬಾಬುರಾಯನಕೊಪ್ಪಲಿನ ಮಾದೇಶ ಬಕೆಟ್ಟಿನಲ್ಲಿ ಅಂಟು ಕಲಸಿಕೊಂಡು ಗೋಡೆಗೆ ಪೋಸ್ಟರ್ ಮೆತ್ತುತ್ತಿದ್ದಾನೆ. ಪಕ್ಕದ ಟೀ ಅಂಗಡಿಯವನು ಸೌಟು ಹಿಡಿದುಕೊಂಡೇ ಹೊರಗೆ ಬಂದ.

“ಲೇ, ಇಲ್ಲಿ ಅಂಟಿಸಂಗಿಲ್ಲ ಕಣ್ಲಾ. ಕಾನೂನದೆ!”

“ಎಲ್ಲದೆ? ತೋರ್ಸು!”

ನೋಡಿ, ಹೀಗೆ ‘ತೋರ್ಸು’ ಅನ್ನುವ ಧೈರ್ಯ ಕ್ಯಾತನಹಳ್ಳಿ ಮಗ್ಗುಲಿನ ನಮ್ಮೂರಲ್ಲಿ ಯಾರಿಗೂ ಇರಲಿಲ್ಲ. ಕಾರಣ ಸಿದ್ದೇಗೌಡರು. ಪಾಂಡವಪುರದ ವಕೀಲರೊಬ್ಬರ ಬಳಿ ಗುಮಾಸ್ತರಾಗಿದ್ದು, ನಿವೃತ್ತರಾದಾಗ ಒಂದು ದಪ್ಪ ಕಾಯ್ದೆ ಪುಸ್ತಕದೊಂದಿಗೆ ಊರಿಗೆ ಬಂದವರು. ಹಳದಿ ಬಟ್ಟೆ ಸುತ್ತಿದ ಆ ಪುಸ್ತಕವನ್ನು ಜಗುಲಿಯ ಮೇಲಿಟ್ಟು, ಮೇಲೊಂದು ಅಂಗೈ ಊರಿ, ಎರಡು ಸಲ ಕೆಮ್ಮಿ, “ಇದ್ರಲ್ಲದೆ” ಅಂದರೆ ಮುಗಿಯಿತು. ಬೇಲಿ ಜಗಳ, ಕಾಲುವೆ ಜಗಳ, ಕೋಳಿ ಜಗಳ ಎಲ್ಲ ಅಲ್ಲಿಗೆ ತಣ್ಣಗೆ. ಆ ಹಳದಿ ಬಟ್ಟೆ ಬಿಚ್ಚಿ ತೋರಿಸಿ ಎಂದವರಿಲ್ಲ.

ಕಾಯ್ದೆಗೆ ತಿದ್ದುಪಡಿ ಬಂದಾಗ ಅದರ ಚೀಟಿಯನ್ನು ಆಯಾ ಪುಟದಲ್ಲಿ ಅಂಟಿಸುವುದು ಗುಮಾಸ್ತರ ಪದ್ಧತಿಯಂತೆ. ಊರಿಗೆ ಬಂದ ಮೇಲೂ ಅವರು ಅದನ್ನು ಬಿಡಲಿಲ್ಲ. ಪೇಟೆಗೆ ಹೋದಾಗ ಚೀಟಿ ನಕಲು ಮಾಡಿಕೊಂಡು ಬರುವುದು, ಮನೆಯ ಅನ್ನದ ಗಂಜಿಯಲ್ಲಿ ಅಂಟಿಸಿ ಬಿಸಿಲಿಗಿಡುವುದು. “ಅಂಗಡಿ ಗೋಂದು ನಂಬಂಗಿಲ್ಲ ಕಣ್ಲಾ, ಗಂಜಿ ಅಂದ್ರೆ ಗಂಜಿ” ಎನ್ನುವರು.

ನನ್ನ ವಿಷಯಕ್ಕೆ ಬಂದರೆ, ನನಗೆ ಒಲಿದ ವಿದ್ಯೆ ಅಣಕ ಒಂದೇ. ಡೈರಿ ಕಾರ್ಯದರ್ಶಿ ಮೂಗಿನಲ್ಲಿ ಮಾತಾಡುವುದು, ನಮ್ಮಪ್ಪ ಸೀನುವ ಮುನ್ನ ಆಕಾಶ ನೋಡುವುದು, ಸಿದ್ದೇಗೌಡರ ಕೆಮ್ಮು, ಯಾವುದನ್ನೂ ಬಿಟ್ಟವನಲ್ಲ. ಡಿಗ್ರಿಯಲ್ಲಿ ಎರಡು ವಿಷಯ ಹೋದಾಗ ಪ್ರಿನ್ಸಿಪಾಲರ ದನಿಯಲ್ಲಿ ನನ್ನನ್ನು ನಾನೇ ಬೈದುಕೊಂಡೆ. ಅವರು ಬೈದದ್ದಕ್ಕಿಂತ ಚೆನ್ನಾಗಿತ್ತು.

ಅಂಥ ದಿನಗಳಲ್ಲೇ ನಮ್ಮ ಜಯಮ್ಮ ಚಿಕ್ಕವ್ವನ ಕೊಟ್ಟಿಗೆಯ ಸೂರು ಗಾಳಿಗೆ ಹಾರಿಹೋಯಿತು. ಎರಡು ಹಸು ನಡುಮನೆಗೆ ಬಂದವು. ಒಂದು ಟೀವಿ ಮುಂದೆ ಮಲಗಿತು. ಅದು ಏಳದೆ ಚಿಕ್ಕಪ್ಪನಿಗೆ ಪರದೆ ಕಾಣದು. ಚಿಕ್ಕವ್ವ ತಾನೇ ಬದುವಿನಲ್ಲಿ ನೆಟ್ಟಿದ್ದ ನಾಲ್ಕು ಹೆಬ್ಬೇವು ಕಡಿಸಿ ಸೂರು ಹಾಕಿಸಲು ನಾಗಮಂಗಲದಿಂದ ಬಡಗಿಯನ್ನು ಕರೆಸಿದಳು. ಕೊಡಲಿ ಎತ್ತುವ ಹೊತ್ತಿಗೆ ಸಿದ್ದೇಗೌಡರು ಹಾಜರು. ಪುಸ್ತಕದ ಮೇಲೆ ಅಂಗೈ, ಎರಡು ಕೆಮ್ಮು.

“ಅಪ್ಪಣೆ ಇಲ್ದೆ ಕಡ್ಯಂಗಿಲ್ಲ ಕಣವ್ವ. ಅಪ್ಪಣೆ ಬ್ಯಾಡದ ಮರಗೋಳ ಪಟ್ಟಿ ಇದ್ರಲ್ಲದೆ. ನೀಲಗಿರಿ ಅದೆ, ಸರ್ವೆ ಅದೆ. ಹೆಬ್ಬೇವು ಇಲ್ಲ. ಕಡುದ್ರೆ ಎಳ್ಕೊಂಡೋಯ್ತಾರೆ.”

ಅಷ್ಟು ಹೇಳಿ ಅವರು ಊಟಕ್ಕೆ ಹೋದರು.

ಬಡಗಿ ಉಳಿ ಒರೆಸಿ ಚೀಲಕ್ಕಿಟ್ಟ. “ನಾಳೆಯಿಂದ ಕೆ.ಆರ್. ಪೇಟೇಲಿ ಕೆಲ್ಸ ಒಪ್ಕಂಡಿವ್ನಿ. ಇವತ್ತು ಮರ ಉರುಳ್ದೇ ಇದ್ರೆ ಮಳೆಗಾಲ ಮುಗುದ್ಮೇಲೇ ನಾನು ಬರೋದು.”

“ಮಳೆಗಾಲ ಪೂರಾ ಹಸಿನ ಜೊತೆ ಮಲಿಕ್ಕಳ್ಳಾ ನಾನು?” ಎಂದ ಚಿಕ್ಕಪ್ಪ.

“ಅದಾದ್ರೂ ಗೊರಕೆ ಒಡ್ಯಾಕಿಲ್ಲ, ಬುಡು” ಎಂದಳು ಚಿಕ್ಕವ್ವ. ಆದರೆ ಅವಳ ಕಣ್ಣು ತುಂಬಿತ್ತು.

ನಾನು ಫೋನು ತೆಗೆದೆ. ರಾಜ್ಯದ ಕಾಯ್ದೆಗಳನ್ನೆಲ್ಲ ತಿದ್ದುಪಡಿ ಸೇರಿಸಿ ಸರ್ಕಾರವೇ ಇಂಟರ್ನೆಟ್ಟಿಗೆ ಹಾಕಿದೆ, ಕಾಸಿಲ್ಲದೆ ಓದಬಹುದು ಅಂತ ಕಾಲೇಜಿನಲ್ಲಿ ಕೇಳಿದ್ದೆ. ಕೇಳಿದ್ದರಲ್ಲಿ ನೆನಪಿದ್ದದ್ದು ಅದೊಂದೇ. ಹುಲ್ಲಿನ ಮೆದೆ ಹತ್ತಿದರೆ ಸಿಗ್ನಲ್ಲು. ಮರಗಳ ಕಾಯ್ದೆ ಇಳಿಯಿತು. ಪಟ್ಟಿಯೂ ಸಿಕ್ಕಿತು. ಹೊಸದಾಗಿ ಸೇರಿದ ಮರಗಳ ಸಾಲಿನಲ್ಲಿ ಹೆಬ್ಬೇವು ಹಾಯಾಗಿ ನಿಂತಿದೆ! ಮೆದೆಯ ಮೇಲಿಂದಲೇ ಕೂಗಿ ಓದಿದೆ.

ಯಾರೂ ನಂಬಲಿಲ್ಲ. “ಫೋನಲ್ಲಿ ಬಂದದ್ದಾ? ಮೊನ್ನೆ ಫೋನ್ ಮಾತು ಕೇಳಿ ಬೋಳುತಲೆಗೆ ಈರುಳ್ಳಿ ತಿಕ್ಕಂಡೆ ಕಣ್ಲಾ. ಕೂದ್ಲು ಬರ್ನಿಲ್ಲ, ನೊಣ ಬಂದೊ” ಎಂದ ಚಿಕ್ಕಪ್ಪ.

ಬಡಗಿ ಚೀಲ ಹೆಗಲಿಗೇರಿಸಿದ. ನನಗೆ ಬೇರೆ ದಾರಿ ಕಾಣಲಿಲ್ಲ. ಕೆಳಗಿಳಿದು ಜಗುಲಿಯಲ್ಲಿ ಕೂತೆ. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದೆ. ಕೆಮ್ಮಿದೆ. ಬೆರಳಿಗೆ ಎಂಜಲು ಹಚ್ಚಿ ಫೋನಿನ ಪುಟ ತಿರುವಿ, ಸಿದ್ದೇಗೌಡರ ಅದೇ ಗೊಗ್ಗರು ದನಿಯಲ್ಲಿ, “ಇದ್ರಲ್ಲದೆ!” ಎಂದು ಕಾಯ್ದೆಯನ್ನು ಅಕ್ಷರ ಬಿಡದೆ ಓದಿದೆ. ಏನಾಶ್ಚರ್ಯ! ಚಿಕ್ಕಪ್ಪ ಕೈಕಟ್ಟಿ ನಿಂತ. ಬಡಗಿ ಚೀಲ ಇಳಿಸಿದ. ಅದೇ ಫೋನು, ಅದೇ ಅಕ್ಷರ. ದನಿ ಬದಲಾಗಿದ್ದಕ್ಕೆ ಕಾನೂನಾಯಿತು.

“ಮೂರು ಸಲ ಕೆಮ್ದೆ ಕಣ್ಲಾ. ನಾನು ಕೆಮ್ಮೋದು ಎರಡೇ.”

ಬೆನ್ನ ಹಿಂದೆ ಸಿದ್ದೇಗೌಡರು, ಕಂಕುಳಲ್ಲಿ ಪುಸ್ತಕ. ಮೆದೆಯೊಳಗೆ ಹೂತುಹೋಗೋಣ ಅನ್ನಿಸಿತು. ಅವರು ಫೋನು ಇಸಿದುಕೊಂಡು, ತೋಳುದ್ದ ಹಿಡಿದು ಓದಿದರು. ಆಮೇಲೆ ಊರೆದುರಿಗೆ ಮೊದಲ ಸಲ ಹಳದಿ ಬಟ್ಟೆ ಬಿಚ್ಚಿದರು. ಮರಗಳ ಪಟ್ಟಿಯ ಪುಟದಲ್ಲಿ ಒಣಗಿದ ಗಂಜಿಯ ಕಲೆ ಮಾತ್ರ ಇತ್ತು. ಚೀಟಿಯ ಒಂದು ಮೂಲೆ ಉಳಿದಿತ್ತು, ಜಿರಲೆ ಹಲ್ಲಿನ ಗುರುತಿನ ಸಮೇತ. ಪುಟ ತಿರುವಿದರು. ಅಲ್ಲೂ ಕಲೆ. ಮುಂದೆಯೂ ಕಲೆ.

“ಇಲ್ಲೇ ಅಂಟಿಸಿದ್ದೆ ಕಣ್ಲಾ” ಎಂದರು. ಆ ದನಿಯನ್ನು ಮಾತ್ರ ನಾನು ಇವತ್ತಿಗೂ ಅಣಕಿಸಿಲ್ಲ.

ನಮ್ಮೂರು ಎಷ್ಟೋ ವರ್ಷ ಜಿರಲೆ ತಿಂದು ಉಳಿಸಿದ ಕಾನೂನಿನ ಪ್ರಕಾರ ನಡೆದಿತ್ತು, ಜಗಳವಿಲ್ಲದೆ! ಯಾರೂ ನಗಲಿಲ್ಲ. ಸಿದ್ದೇಗೌಡರು ಪುಸ್ತಕ ಮುಚ್ಚಿ, ಸರಿಯಾಗಿ ಎರಡು ಸಲ ಕೆಮ್ಮಿ, “ಕಡ್ಸವ್ವ ಜಯಮ್ಮ. ಇವ್ನ ಫೋನಲ್ಲದೆ” ಎಂದರು.

ಆಮೇಲೆ ಪ್ರತಿ ಭಾನುವಾರ ಅವರ ಜಗುಲಿಯಲ್ಲಿ ನನಗೆ ಡ್ಯೂಟಿ. “ಓದ್ಲಾ. ನಿನ್ ದನೀಲೇ ಓದ್ಲಾ” ಎನ್ನುತ್ತಿದ್ದರು. ನನ್ನ ದನಿ ಯಾವುದೆಂದು ಹುಡುಕಲು ನನಗೆ ಎರಡು ಭಾನುವಾರ ಬೇಕಾಯಿತು.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಟೀ ಅಂಗಡಿಯವನ ಸೌಟು ಮೇಲೆದ್ದಿತ್ತು, ಮಾದೇಶನ ಅಂಟಿನ ಬ್ರಷ್ಷೂ ಎದ್ದಿತ್ತು. ನಾನು ನಡುವೆ ಹೋಗಿ ಫೋನಿನ ಮೇಲೆ ಅಂಗೈ ಊರಿ, “ಇದ್ರಲ್ಲದೆ” ಎಂದೆ. ಇಬ್ಬರೂ ಗಪ್‌ಚಿಪ್. ಆ ಮೌನದ ರುಚಿ ಇದೆಯಲ್ಲ, ಸಿದ್ದೇಗೌಡರು ಪುಸ್ತಕದ ಬಟ್ಟೆ ಯಾಕೆ ಬಿಚ್ಚುತ್ತಿರಲಿಲ್ಲವೆಂದು ಆಗ ತಿಳಿಯಿತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಕೆಮ್ಮಿಯೂ ಬಿಡುತ್ತಿದ್ದೆ.

ಕೈ ತೆಗೆದು ಪೋಸ್ಟರ್ ಅಂಟಿಸುವುದರ ಕಾಯ್ದೆಯನ್ನು ಹುಡುಕಿ, ಫೋನನ್ನು ಮಾದೇಶನ ಕೈಗಿಟ್ಟೆ. “ನೀವೇ ಓದ್ಕೊಳ್ರಪ್ಪ.”

ಇಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿದರು. ಮಾದೇಶ ಗಂಜಿಯ ಬೆರಳನ್ನೇ ನೆಕ್ಕಿ ಪುಟ ತಿರುವಿದ. ನನ್ನ ಬಸ್ಸು ಬಂತು, ಹೋಯಿತು. ಫೋನು ಇನ್ನೂ ಅವರ ಕೈಯಲ್ಲೇ ಇತ್ತು. ಈಗ ಜಗಳ ಎರಡನೇ ಪುಟಕ್ಕೆ ಬಂದಿತ್ತು.