ಕಾಲು ಮುಂದಾಗಿ ಹುಟ್ಟಿದವನ ಒದೆ

ಎರಡನೆಯ ಹೆರಿಗೆಯ ನಂತರ ನನ್ನ ಸೊಂಟ ಹಿಡಿದುಕೊಂಡಿತು. ನರಗುಂದದ ಹತ್ತಿ ವ್ಯಾಪಾರಿಗಳ ಮನೆಗೆ ನಾನು ಸೊಸೆ. ಐವತ್ತರ ದಶಕದ ಮಾತು. ಬಗ್ಗಿದರೆ ಏಳಲಾಗದು, ಎದ್ದರೆ ಕೂರಲಾಗದು. ಅತ್ತೆ ನನ್ನನ್ನು ಹಿಂದಿನ ಕೋಣೆಯಲ್ಲಿ ಹಲಗೆಯ ಮೇಲೆ ಮಲಗಿಸಿ, ಬೆಳ್ಳುಳ್ಳಿ, ಇಂಗು ಅರೆದು ಬೇವಿನೆಣ್ಣೆಯಲ್ಲಿ ಕಲಸಿ ಸೊಂಟಕ್ಕೆ ಮೆತ್ತಿದರು. ಏಳಬಾರದು, ಹೊರಳಬಾರದು, ಮೈಗೆ ನೀರು ಸೋಕಬಾರದು. ಕೆಲವು ವಾರಗಳಲ್ಲಿ ನನ್ನ ನಾತ ನನಗೇ ತಡೆಯದಾಯಿತು. ಎದೆಗೆ ತಂದರೆ ಕೂಸು ಮುಖ ತಿರುಗಿಸುತ್ತಿತ್ತು. ನೋವು ಮಾತ್ರ ಬಿಗಿಯುತ್ತಲೇ ಹೋಯಿತು.

ಆಮೇಲೆ ಚಿಕ್ಕನರಗುಂದದಿಂದ ಒಬ್ಬನನ್ನು ಕರೆಸಿದರು. ಹುಟ್ಟುವಾಗ ಕಾಲು ಮುಂದಾಗಿ ಬಂದವನಂತೆ. ಅಂಥವರು ಒದ್ದರೆ ಸೊಂಟನೋವು ಹೋಗುತ್ತದೆಂದು ನಮ್ಮ ಕಡೆ ನಂಬಿಕೆ. ಹೊಸ್ತಿಲ ಪಕ್ಕ ತಂಬಾಕು ಉಗುಳಿ, ಕಾಲನ್ನೂ ತೊಳೆಯದೆ ಒಳಬಂದ. ಹಿಮ್ಮಡಿಯ ಬಿರುಕುಗಳಲ್ಲಿ ಸಗಣಿ ಒಣಗಿತ್ತು.

"ಡಬ್ಬ ಮಲಗವಾ," ಎಂದು ಬೋರಲು ಮಲಗಲು ಕೈ ತೋರಿಸಿದ.

ಬಾಗಿಲಲ್ಲಿದ್ದ ಗಂಡನನ್ನು ನೋಡಿದೆ. "ಸುಮ್ನ ಮಲಗು. ಭಾಳ ಮಂದಿಗೆ ಚಲೋ ಆಗೇತಿ," ಎಂದು ಅವರು ಗೋಡೆಯ ಕಡೆ ತಿರುಗಿದರು.

ಅವನು ಒದ್ದ. ಮತ್ತೆ ಒದ್ದ. ನೋವಿಗಿಂತ ಆ ಪಾದದ ಅಂಟೇ ಹೆಚ್ಚು ಅಸಹ್ಯವಾಗಿ, ನಾನು ಮಲಗಿದಲ್ಲೇ ಕಾರಿಕೊಂಡೆ.

"ವಿಷ ಹೊರಗ ಬಂತು ನೋಡ್ರಿ," ಎಂದು ಅವನು ಹಿಗ್ಗಿದ. ಅತ್ತೆ ಕೈ ಮುಗಿದರು.

ನನ್ನಣ್ಣ ರೋಣದ ಸಾಲೆಯಲ್ಲಿ ಡ್ರಿಲ್ ಮಾಸ್ತರ. ಸುದ್ದಿ ತಿಳಿದು ಬಂದವನು ನನ್ನ ಪಕ್ಕ ಕೂತು ಕಣ್ಣೊರೆಸಿಕೊಂಡ. "ಇವರು ನಿನಗ ಔಷಧ ಮಾಡ್ಯಾರೋ, ಹೂಳಾಕ ಇಟ್ಟಾರೋ?" ಎಂದು ಎಲ್ಲರಿಗೂ ಕೇಳುವಂತೆಯೇ ಅಂದ. ಮರುದಿನ ಚಕ್ಕಡಿಯಲ್ಲಿ ದಪ್ಪಗೆ ಹುಲ್ಲು ಹಾಸಿ ರೋಣದ ತನ್ನ ಮನೆಗೆ ಕರೆದೊಯ್ದ. ಅತ್ತಿಗೆ ಬಿಸಿನೀರು ಹಾಕಿದಾಗ ಬಚ್ಚಲಲ್ಲಿ ಕಪ್ಪು ಜಿಡ್ಡು ಹರಿಯಿತು.

ದವಾಖಾನೆಯ ವೈದ್ಯರು ಒತ್ತಿ ನೋಡಿ, "ಎಲುಬಿಗೆ ಏನೂ ಆಗಿಲ್ರಿ. ಮಲಗಿ ಮಲಗಿ ಮೈ ಸೋತೈತಿ. ಸ್ವಲ್ಪ ಸ್ವಲ್ಪ ಆಡಸ್ರಿ," ಎಂದರು.

ಆಡಿಸುವುದನ್ನು ಅಣ್ಣ ಕಲಿಸಿದ. ಅಂಗಾತ ಮಲಗಿ ಒಂದೊಂದೇ ಮೊಣಕಾಲನ್ನು ಎದೆಗೆ ತರುವುದು, ಪಾದ ಊರಿ ಸೊಂಟ ಎತ್ತುವುದು, ಅಂಬೆಗಾಲಲ್ಲಿ ನಿಂತು ಬೆಕ್ಕಿನಂತೆ ಬೆನ್ನು ಬಾಗಿಸುವುದು. ಸಂಜೆ ಅತ್ತಿಗೆಯೊಡನೆ ನಡಿಗೆ. "ಸ್ವಲ್ಪ ನೋವಾದ್ರ ಅಂಜಬ್ಯಾಡ. ಭಾಳಾದ್ರ ನಿಲ್ಲಸು," ಎನ್ನುತ್ತಿದ್ದ. ಮೊದಮೊದಲು ನೋವಿಗೆ ಅಳುತ್ತಿದ್ದೆ. ಆಮೇಲೆ ಕೂಸನ್ನು ಎತ್ತಿಕೊಂಡು ಓಣಿಯ ತುದಿಯವರೆಗೆ ಹೋಗಿಬಂದೆ.

ನರಗುಂದಕ್ಕೆ ಮರಳಿದ ಮೇಲೂ ಕಸರತ್ತು ಬಿಡಲಿಲ್ಲ. ಅತ್ತೆ ಬಾಗಿಲಲ್ಲಿ ಇಣುಕಿ, "ಥೂ! ಹೆಣ್ಣಾಗಿ ಗರಡಿಯವರಂಗ ಕಾಲೆತ್ತತಾಳ," ಎಂದರು. ಉಗುಳು ತುಂಬಿದ ಹೊಸ್ತಿಲು ಅವರಿಗೆ ಹೇಸಿಗೆ ಎನಿಸಿರಲಿಲ್ಲ. ನಾನೆತ್ತಿದ ಮೊಣಕಾಲು ಹೇಸಿಗೆ ಎನಿಸಿತು.

ಅಷ್ಟೇ ಅಲ್ಲ, ಗುಣವಾದದ್ದು ಒದೆಯಿಂದಲೇ ಎಂದು ಆ ಒದ್ದವನನ್ನು ಹೋಳಿಗೆ ಊಟಕ್ಕೆ ಕರೆದರು. ನನಗೆ ಬಡಿಸಲು ಹೇಳಿದರು. ತುಪ್ಪದ ಗಿಂಡಿ ಕೆಳಗಿಟ್ಟು, "ನೀವ ಬಡಸ್ರಿ. ನನಗ ಆಗೂದಿಲ್ಲ," ಎಂದು ಅತ್ತೆಗೆ ಹೇಳಿದೆ. ಆ ಮನೆಯಲ್ಲಿ ನಾನು ಒಲ್ಲೆ ಎಂದದ್ದು ಅದೇ ಮೊದಲು.

ನೋವು ಪೂರ್ತಿ ಹೋಗಲಿಲ್ಲ. ಮಳೆಗಾಲದಲ್ಲಿ ಇಂದಿಗೂ ಹಿಡಿಯುತ್ತದೆ, ಆಡಿಸಿದರೆ ಬಿಡುತ್ತದೆ. ಗಂಡನ ಮೇಲಿನ ಸಿಟ್ಟೂ ಕಾಲಕ್ರಮೇಣ ಇಳಿಯಿತು. ಆದರೆ ಅಂದು ಅವರು ಗೋಡೆಯ ಕಡೆ ತಿರುಗಿದ್ದು ಮಾತ್ರ ಮನಸ್ಸಿನಿಂದ ಹೋಗಿಲ್ಲ. ಅದಕ್ಕೆ ಯಾವ ಕಸರತ್ತೂ ನನಗೆ ಸಿಗಲಿಲ್ಲ.