ದೊಡ್ಡತ್ತೆಯ ಚಳಿ

ನಮ್ಮ ಮನೆತನದಲ್ಲಿ ಚಳಿಗೆ ಒಬ್ಬಳೇ ವಾರಸುದಾರಳು, ಅವಳು ನಮ್ಮ ದೊಡ್ಡತ್ತೆ. ಬೇರೆ ಯಾರಾದರೂ ಚಳಿ ಎಂದು ಬಾಯಿಬಿಟ್ಟರೆ, ತನ್ನ ಪೆಟ್ಟಿಗೆಯಿಂದ ಕದ್ದ ಒಡವೆ ಹಾಕಿಕೊಂಡು ಎದುರಿಗೆ ಬಂದು ನಿಂತವರನ್ನು ನೋಡುವ ಹಾಗೆ ನೋಡುತ್ತಿದ್ದಳು. ಫೋನಿನಲ್ಲಾದರೆ ಆ ನೋಟ ಕಿವಿಗೇ ಕಾಣಿಸುತ್ತಿತ್ತು.

ಅಪ್ಪನಿಗೆ ಒಬ್ಬ ಅಕ್ಕ, ಒಬ್ಬ ತಂಗಿ. ಅಕ್ಕ, ಅಂದರೆ ದೊಡ್ಡತ್ತೆ, ದೇಶದ ಉತ್ತರದ ತುದಿಯ ಬೆಟ್ಟದೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ತಂಗಿ, ಅಂದರೆ ಚಿಕ್ಕತ್ತೆ, ದಕ್ಷಿಣದ ಕಡಲ ದಂಡೆಯಲ್ಲಿದ್ದಾಳೆ; ಮಾವ ಅಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಾರೆ. ನಟ್ಟನಡುವಿನ ಬಯಲೂರಿನಲ್ಲಿ ನಾವು, ಹಾಸಿಗೆ ಅಂಗಡಿಯವರು. ಅಪ್ಪ ಹತ್ತಿ ಹಿಂಜಿ ತುಂಬುತ್ತಾನೆ, ನಾನು ಹೊಲಿಯುತ್ತೇನೆ. ಗಿರಾಕಿಗಳ ಜೊತೆ ಚೌಕಾಸಿ ಮಾಡುವ ಕೆಲಸ ಮಾತ್ರ ಅಮ್ಮನದು. ನಮ್ಮಿಬ್ಬರ ಮುಖ ನೋಡಿದರೆ ಗಿರಾಕಿಗೆ ಹಾಸಿಗೆ ಪುಕ್ಕಟೆ ಕೇಳುವ ಧೈರ್ಯ ಬರುತ್ತದೆಯಂತೆ.

ತಾತನ ಕಾಲದಿಂದ ನಮ್ಮ ಅಂಗಡಿಯಲ್ಲೊಂದು ಪದ್ಧತಿಯಿದೆ. ಚಳಿಗಾಲದ ಮೊದಲ ರಜಾಯಿ, ಆ ವರ್ಷದ ಒಳ್ಳೇ ಹತ್ತಿ ತುಂಬಿದ್ದು, ಮಾರಾಟಕ್ಕಿಲ್ಲ. ಮನೆಯವರಲ್ಲಿ ಯಾರಿಗೆ ಎಲ್ಲಕ್ಕಿಂತ ಹೆಚ್ಚು ಚಳಿಯೋ ಅವರಿಗೆ. ಅದನ್ನು ತೀರ್ಮಾನಿಸಲು ಭಾನುವಾರ ಬೆಳಗ್ಗೆ ಮೂರೂ ಊರುಗಳಿಂದ ಫೋನಿನಲ್ಲಿ ಪಂಚಾಯಿತಿ ಕೂರುತ್ತಿತ್ತು. ಪಂಚಾಯಿತಿ ಎನ್ನುವುದು ಹೆಸರಿಗೆ ಮಾತ್ರ. ಅಪ್ಪ, "ಅಕ್ಕಾ, ಅಲ್ಲಿ ಚಳಿ ಹೇಗಿದೆ?" ಎಂದು ಕೇಳುತ್ತಿದ್ದ. ದೊಡ್ಡತ್ತೆ ಶುರು ಮಾಡುತ್ತಿದ್ದಳು. ನಲ್ಲಿಯಲ್ಲಿ ನೀರು ಕಲ್ಲಾಯಿತು, ಒಣಹಾಕಿದ ಅಂಗಿ ಹಲಗೆಯಾಗಿ ನಿಂತಿತು, ಬಾಗಿಲು ತೆಗೆದರೆ ಮೂಗು ತನ್ನದೋ ಪಕ್ಕದ ಮನೆಯವರದೋ ಗೊತ್ತಾಗುವುದಿಲ್ಲ. ಅವಳು ಮುಗಿಸುವಷ್ಟರಲ್ಲಿ ನಮ್ಮ ಕಾಫಿ ಆರಿ ತಣ್ಣಗಾಗಿರುತ್ತಿತ್ತು. ಕೊನೆಯಲ್ಲಿ ಚಿಕ್ಕತ್ತೆ, "ಇಲ್ಲೂ ಬೆಳಗ್ಗೆ ಸ್ವಲ್ಪ..." ಎಂದು ಬಾಯಿ ತೆಗೆದರೆ, "ನಿಂಗೇನಮ್ಮಾ ಚಳಿ, ಸಮುದ್ರದ ಪಕ್ಕ ಕೂತ್ಕೊಂಡು!" ಎಂದು ಅಕ್ಕ ತಮ್ಮ ಒಟ್ಟಿಗೆ ಗದರುತ್ತಿದ್ದರು. ರಜಾಯಿ ಬೆಟ್ಟ ಹತ್ತುತ್ತಿತ್ತು. ಪ್ರತಿ ವರ್ಷ.

ಕಳೆದ ವರ್ಷದ ಚಳಿಗಾಲಕ್ಕೆ ಮಾತ್ರ ತಲೆ ಕೆಟ್ಟಿತು. ಕಡಲೂರಿನಲ್ಲಿ ಜನ ಕಂಡುಕೇಳರಿಯದ ಚಳಿ. ಅಲ್ಲಿ ಸ್ವೆಟರ್ ಮಾರುವ ಅಂಗಡಿಯೇ ಇಲ್ಲ. ಚಿಕ್ಕತ್ತೆಯ ಬೀದಿಯಲ್ಲಿ ಜನ ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಒಂದರ ಮೇಲೊಂದು ಹಾಕಿಕೊಂಡು, ಬಟ್ಟೆ ತುರುಕಿದ ಬೀರುಗಳ ಹಾಗೆ ಓಡಾಡುತ್ತಿದ್ದರಂತೆ. ಮಾವ ಸ್ನಾನದ ಟವೆಲನ್ನು ತಲೆಗೆ ಸುತ್ತಿಕೊಂಡೇ ವರ್ಕ್‌ಶಾಪಿಗೆ ಹೋಗುತ್ತಿದ್ದರು. ಟಿವಿಯಲ್ಲೂ ಅದೇ ಸುದ್ದಿ: ದಕ್ಷಿಣ ನಡುಗುತ್ತಿದೆ, ಉತ್ತರದ ಬೆಟ್ಟಗಳಲ್ಲಿ ಹಿಮದ ಸುಳಿವಿಲ್ಲ, ಸೆಖೆ.

ಅಪ್ಪ ಟಿವಿ ಆರಿಸಿದ.

"ಟಿವಿಯವ್ರಿಗೇನು ಗೊತ್ತು? ನಮ್ಮಕ್ಕ ಅಲ್ಲೇ ಇದ್ದಾಳೆ. ಅವಳನ್ನೇ ಕೇಳಿದ್ರಾಯ್ತು."

ಕೇಳಿದ. ದೊಡ್ಡತ್ತೆ ಫೋನಿನಲ್ಲಿ ಹೂಂ ಎನ್ನುವ ಮೊದಲೇ ಹಲ್ಲು ಕಟಕಟಿಸುವ ಸದ್ದು ಬಂತು. ಹಿಂದಿನಿಂದ ಏನೋ ಗಿರಗಿರ ತಿರುಗುವ ಶಬ್ದ.

"ಅದೇನಕ್ಕಾ ಸದ್ದು?"

"ಗಾಳಿ ಕಣೋ ತಮ್ಮಾ. ಸುಯ್ಯಂತ ಬೀಸ್ತಾ ಇದೆ. ಇಂಥ ಚಳಿ ನನ್ನ ಜನ್ಮದಲ್ಲಿ ನೋಡಿಲ್ಲ."

"ವಿಡಿಯೋ ಹಾಕಿ ಅತ್ತೆ, ಹಿಮ ನೋಡೋಣ," ಎಂದೆ ನಾನು.

"ಕ್ಯಾಮೆರಾಗೆ ಮಂಜು ಹಿಡಿದಿದೆ ಕಣೇ!"

ಚಿಕ್ಕತ್ತೆ ಈ ಸಲ ಬಾಯಿ ಬಿಟ್ಟು ಕೇಳಿಯೇಬಿಟ್ಟಳು: "ಅಣ್ಣಾ, ಈ ವರ್ಷ ಒಂದ್ಸಲ ರಜಾಯಿ ನಂಗೆ ಕಳಿಸ್ತೀಯಾ?" ಅಪ್ಪ ನಕ್ಕುಬಿಟ್ಟ. ತಂಗಿ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡ. ನನಗೆ ಮೈ ಉರಿಯಿತು. ಆದರೆ ಅಪ್ಪನ ಮುಂದೆ ಅವನ ಅಕ್ಕನ ಮೇಲೆ ಅನುಮಾನ ಪಡುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ಸುಲಭ. ಫೋನಿಟ್ಟ ಮೇಲೆ, ಹೋಗಲಿ, ನಾನೇ ರಜಾಯಿ ತಲುಪಿಸಿ ಬರುತ್ತೇನೆ, ಅತ್ತೆಗೆ ಮೊದಲೇ ತಿಳಿಸುವುದು ಬೇಡ ಎಂದೆ. ಕಣ್ಣಾರೆ ನೋಡುವ ಹಟ.

ಅಮ್ಮ ನನಗೆ ಎರಡು ಸ್ವೆಟರ್, ಕಿವಿ ಮುಚ್ಚುವ ಟೋಪಿ, ಕೈಗವಸು ಹಾಕಿ, ಮೇಲೊಂದು ಶಾಲು ಹೊದಿಸಿ ರೈಲು ಹತ್ತಿಸಿದಳು. ಮಾರನೆಯ ದಿನ ಬೆಟ್ಟದ ಬಸ್ಸಿನಲ್ಲಿ ಅರ್ಧ ತೋಳಿನ ಅಂಗಿ ಹಾಕಿದ ಗಂಡಸೊಬ್ಬ ನನ್ನನ್ನೇ ನೋಡುತ್ತಿದ್ದು, ಕೊನೆಗೆ ತಡೆಯಲಾರದೆ, "ಜ್ವರಾನೇನಮ್ಮಾ?" ಎಂದು ಕೇಳಿದ. ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಐಸ್‌ಕ್ರೀಮ್ ಗಾಡಿಯ ಮುಂದೆ ಜನ ಮುಗಿಬಿದ್ದಿದ್ದರು. ತಲೆಯ ಮೇಲೆ ರಜಾಯಿ ಹೊತ್ತು, ಬೆವರು ಸುರಿಸುತ್ತ, ದೊಡ್ಡತ್ತೆಗೆ ಏನೇನು ಅನ್ನಬೇಕು ಎಂದು ಜೋಡಿಸಿಕೊಳ್ಳುತ್ತ ಹಾಸ್ಟೆಲಿನ ಏರು ಹತ್ತಿದೆ.

ಹಾಸ್ಟೆಲು ಖಾಲಿ. ಚಳಿಗೆಂದು ಪ್ರತಿ ವರ್ಷ ರಜೆ ಕೊಡುತ್ತಾರೆ, ಆ ವರ್ಷ ಚಳಿ ಬರದಿದ್ದರೂ ರಜೆ ಬಂದಿತ್ತು. ಉದ್ದನೆಯ ಕೋಣೆಗಳಲ್ಲಿ ಕಬ್ಬಿಣದ ಮಂಚಗಳ ಮೇಲೆ ಹಾಸಿಗೆ ಸುತ್ತಿಟ್ಟಿದ್ದರು. ಅಡುಗೆಯವಳೂ ಊರಿಗೆ ಹೋಗಿದ್ದಳು. ಕೊನೆಯ ಕೋಣೆಯಲ್ಲಿ ದೊಡ್ಡತ್ತೆ ತೆಳ್ಳಗಿನ ಹತ್ತಿಯ ನಿಲುವಂಗಿ ತೊಟ್ಟು, ಬಕೆಟ್ಟಿನ ನೀರಲ್ಲಿ ಕಾಲಿಳಿಬಿಟ್ಟು, ಟೇಬಲ್ ಫ್ಯಾನಿನ ಎದುರು ಕೂತಿದ್ದಳು. ಫ್ಯಾನು ಗಿರಗಿರ ಎನ್ನುತ್ತಿತ್ತು. ಪಕ್ಕದ ಸ್ಟೂಲಿನ ಮೇಲೆ ಸ್ಟೀಲ್ ಲೋಟ, ಲೋಟದಲ್ಲಿ ಅವಳ ಹಲ್ಲಿನ ಸೆಟ್ಟು.

ಫೋನಿನ ಹತ್ತಿರ ಆ ಲೋಟ ಅಲ್ಲಾಡಿಸಿದರೆ ಎಂಥ ಕಟಕಟ ಬರುತ್ತದೆ ಎಂದು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಅವಳು ನನ್ನನ್ನು ನೋಡಿದಳು. ನನ್ನ ಟೋಪಿ ನೋಡಿದಳು. ಹಲ್ಲು ಹಾಕಿಕೊಂಡು, ಪೂರ್ತಿ ವಾರ್ಡನ್ ಗತ್ತಿನಲ್ಲಿ, "ಹೇಳದೆ ಕೇಳದೆ ಬರೋದಾ?" ಎಂದಳು.

"ನಿಮ್ಮ ಗಾಳಿ ಸ್ವಲ್ಪ ಆರಿಸಿ ಅತ್ತೆ, ಮಾತಾಡ್ಬೇಕು," ಎಂದೆ.

ಏರು ಹತ್ತುವಾಗ ಜೋಡಿಸಿಕೊಂಡದ್ದನ್ನೆಲ್ಲ ಒಂದೂ ಬಿಡದೆ ಅಂದೆ. ಅಲ್ಲಿ ಚಿಕ್ಕತ್ತೆ ನಡುಗುತ್ತ ಕೂತಿದ್ದಾಳೆ, ಇಲ್ಲಿ ನೀವು ಫ್ಯಾನಿನ ಮುಂದೆ ಕೂತು ನಾಟಕ ಆಡುತ್ತಿದ್ದೀರಿ, ಇದು ಯಾವ ನ್ಯಾಯ. ಅಷ್ಟರಲ್ಲಿ ಅವಳ ಬೀರುವಿನ ಬಾಗಿಲು ಅರೆ ತೆರೆದಿದ್ದು ಕಣ್ಣಿಗೆ ಬಿತ್ತು. ಒಳಗೆ ನಮ್ಮಂಗಡಿಯ ರಜಾಯಿಗಳು ತಳದಿಂದ ತುದಿಯವರೆಗೆ. ಕೆಳಗಿನ ಒಂದೆರಡು ಬಿಟ್ಟರೆ ಉಳಿದವುಗಳ ಪ್ಲಾಸ್ಟಿಕ್ ಕವರು ಕೂಡ ಬಿಚ್ಚಿರಲಿಲ್ಲ. ನಾನು ಬೆರಳು ಚುಚ್ಚಿಸಿಕೊಂಡು ಹೊಲಿದವು. ಕೋಪ ಇನ್ನೊಂದು ಸುತ್ತು ಬಂತು.

"ಇಷ್ಟಿದ್ದೂ ಇನ್ನೊಂದು ಬೇಕಿತ್ತಾ?"

"ರಜಾಯಿ ಯಾರಿಗೆ ಬೇಕೇ?" ಎಂದಳು ದೊಡ್ಡತ್ತೆ. ಗತ್ತು ಎಲ್ಲೋ ಹೋಗಿತ್ತು. "ರಜಾ ಬಂದ್ರೆ ಈ ಕಟ್ಟಡದಲ್ಲಿ ನಾನು ಮತ್ತೆ ಇಲಿಗಳು. ಭಾನುವಾರ ಒಂದು ಫೋನು. ನಿಮ್ಮಪ್ಪ ಕೇಳೋದು ಒಂದೇ ಮಾತು, ಚಳಿ ಹೇಗಿದೆ ಅಂತ. ಈ ಊರಿಗೆ ಬಂದಾಗಿಂದ ಬೇರೆ ಏನಾದ್ರೂ ಕೇಳಿದ್ದಾನಾ, ನೆನಪು ಮಾಡ್ಕೊಂಡು ಹೇಳು ನೋಡೋಣ. ಚಳಿ ಇಲ್ಲಪ್ಪಾ ಅಂದ್ಬಿಟ್ರೆ ಆಮೇಲೆ? ಸರಿ ಅಕ್ಕಾ, ಇಡ್ತೀನಿ ಅಂತಾನೆ. ಮುಗೀತು."

ಜಗಳಕ್ಕೆ ಸೊಂಟ ಕಟ್ಟಿ ಬಂದವಳು ನೆನಪು ಮಾಡಿಕೊಂಡೆ. ಅಪ್ಪ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಪಾಪ ಅನ್ನಿಸಿತು, ಅವಳ ಮೇಲಿನ ಸಿಟ್ಟೂ ಹಾಗೇ ಇತ್ತು.

"ನಿಮ್ಮಪ್ಪನಿಗೆ ಹೇಳ್ಬೇಡ ಕಣೇ," ಎಂದಳು. ನಾನು ಸ್ವೆಟರುಗಳನ್ನು ಬಿಚ್ಚಿ ಫ್ಯಾನಿನ ಎದುರು ಅವಳ ಪಕ್ಕ ಕೂತೆ. ಬಕೆಟ್ಟು ಸಾಕಷ್ಟು ದೊಡ್ಡದಿತ್ತು.

ಭಾನುವಾರ ಬಂತು. ಫೋನು ಹೊಡೆದುಕೊಂಡಿತು. ದೊಡ್ಡತ್ತೆ ಫ್ಯಾನು ಜೋರು ಮಾಡಿ, ಲೋಟ ಕೈಗೆತ್ತಿಕೊಂಡು, ನನ್ನ ಕಡೆ ಬೇಡುವ ಹಾಗೆ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿದೆ.

"ಅಕ್ಕಾ, ಅಲ್ಲಿ ಚಳಿ ಹೇಗಿದೆ?" ಎಂದ ಅಪ್ಪ.

"ಕೇಳ್ಬೇಡ ತಮ್ಮಾ," ಎಂದು ಶುರು ಮಾಡಿದಳು. ನಲ್ಲಿ ಕಲ್ಲಾಯಿತು, ಅಂಗಿ ಹಲಗೆಯಾಯಿತು. ಹಣೆಯಿಂದ ಬೆವರು ಗಲ್ಲಕ್ಕೆ ಇಳಿಯುತ್ತಿತ್ತು. ಲೋಟ ಕಟಕಟ ಅಂದಿತು. ಇನ್ನು ಮೂಗಿನ ವಿಷಯಕ್ಕೆ ಬರಬೇಕು, ಅಷ್ಟರಲ್ಲಿ ಅಪ್ಪ ನಡುವೆ ಬಾಯಿ ಹಾಕಿ ತಂಗಿಗೆ, "ನಿಂದೇನೇ ಪುಟ್ಟೀ?" ಎಂದ.

"ಆಂ," ಎಂದಳು ಚಿಕ್ಕತ್ತೆ. "ಇದೆ."

ಅಷ್ಟೇ. ದೊಡ್ಡತ್ತೆಯ ಕೈಯಲ್ಲಿದ್ದ ಲೋಟ ನಿಂತುಬಿಟ್ಟಿತು.

"ಏ ಚಿಕ್ಕವಳೇ, ಇನ್ನೊಂದ್ಸಲ ಮಾತಾಡು," ಎಂದಳು.

"ಏನಕ್ಕಾ?"

"ದವಡೆ ಕಚ್ಚಿಕೊಂಡು ಮಾತಾಡ್ತಾ ಇದ್ದೀಯಲ್ಲೇ. ಏನು ಹೊದ್ದಿದ್ದೀಯ?"

"ಪರದೆ."

"ಯಾವ ಪರದೆ?"

"ಕಿಟಕೀದು."

ದೊಡ್ಡತ್ತೆ ಫೋನಿನ ಬಾಯಿ ಮುಚ್ಚಿ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು. "ನಿಜವಾಗ್ಲೂ ಚಳಿಯಾದವ್ರು ಹೀಗೇ ಕಣೇ. ವರ್ಣನೆ ಗಿರ್ಣನೆ ಮಾಡೋದಿಲ್ಲ. ಬಾಯಿ ತೆಗೆದ್ರೆ ಗಾಳಿ ಒಳಗೆ ಹೋಗುತ್ತೆ ಅಂತ ಒಂದೊಂದೇ ಮಾತು. ಇಲ್ಲಿ ಮೊದಲನೇ ವರ್ಷ ನಾನೂ ಹೀಗೇ ಮಾತಾಡ್ತಿದ್ದೆ." ಕೈ ಚಾಚಿ ಫ್ಯಾನು ಆರಿಸಿದಳು.

ಫೋನಿನಲ್ಲಿ ಅಪ್ಪ ಗಾಬರಿಯಾದ. "ಏನಾಯ್ತಕ್ಕಾ? ಗಾಳಿ ನಿಂತ್ಹೋಯ್ತು?"

"ಗಾಳಿ ಅಲ್ಲ ಕಣೋ, ಫ್ಯಾನು. ಇಲ್ಲಿ ಚಳಿ ಇಲ್ಲ. ಸುಳ್ಳು ಹೇಳಿದ್ದೆ. ಬೆವತು ಸಾಯ್ತಾ ಇದ್ದೀನಿ."

ಆಮೇಲೆ ಯಾರಿಗೂ ಬಾಯಿ ತೆಗೆಯಲು ಬಿಡಲಿಲ್ಲ. ವಾರ್ಡನ್ ಎದ್ದು ನಿಂತಿದ್ದಳು. "ಏ ಪುಟ್ಟೀ, ಹಾಸಿಗೆ ಕೆಳಗೆ ಹಳೇ ಪೇಪರ್ ಹರಡು. ಬಾಟ್ಲಿಗೆ ಬಿಸಿನೀರು ಹಾಕಿ ಬಟ್ಟೆ ಸುತ್ತಿ ಕಾಲ ಹತ್ರ ಇಟ್ಕೋ. ನಿನ್ನ ಗಂಡನಿಗೆ ಆ ಒದ್ದೆ ಟವೆಲ್ ತಲೆಯಿಂದ ಇಳಿಸೋಕೆ ಹೇಳು, ಮೊದಲು. ರಜಾಯಿ ಬರ್ತಾ ಇದೆ. ಒಂದಲ್ಲ, ಬೀರು ಪೂರ್ತಿ. ನಿಮ್ಮ ಬೀದಿಗೆಲ್ಲ ಹಂಚು. ಈ ಹುಡುಗಿ ತರ್ತಾಳೆ."

ಈ ಹುಡುಗಿ ಅಂದರೆ ನಾನು. ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ, ಬೀರು ತುಂಬ ರಜಾಯಿಗಳ ಜೊತೆ. ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ.

ಚಿಕ್ಕತ್ತೆ ಅಳುತ್ತಿದ್ದಳೋ ನಗುತ್ತಿದ್ದಳೋ, ಕಚ್ಚಿದ ದವಡೆಯಿಂದ ಗೊತ್ತಾಗಲಿಲ್ಲ. "ಥ್ಯಾಂಕ್ಸ್ ಅಕ್ಕಾ," ಎಂದಳು, ಬಿಸಿನೀರು ಕಾಯಿಸಲು ಹೋದಳು.

ಉಳಿದದ್ದು ಅಪ್ಪ. ಫೋನಿನಲ್ಲಿ ಅವನ ಉಸಿರು ಕೇಳಿಸುತ್ತಿತ್ತು. ದೊಡ್ಡತ್ತೆ ಮಂಚದ ತುದಿಗೆ ಕೂತು, ಅವನು ಬಯ್ಯುತ್ತಾನೆ ಎಂದೋ ಏನೋ, ಕಣ್ಣು ಮುಚ್ಚಿಕೊಂಡಿದ್ದಳು. ಅಥವಾ "ಇಡ್ತೀನಿ" ಎನ್ನುತ್ತಾನೆ ಎಂದಿರಬೇಕು. ನಾನೂ ಅದನ್ನೇ ಕಾಯುತ್ತಿದ್ದೆ.

"ಹಾಗಾದ್ರೆ..." ಎಂದ ಅಪ್ಪ. "ಅಂದ್ರೆ ಅಲ್ಲಿ ಚಳಿ..."

"ಇಲ್ಲ ಅಂದ್ನಲ್ಲೋ."

"ಹಾಂ. ಇಲ್ಲ." ಏನು ಕೇಳಬೇಕೆಂದು ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಹತ್ತಿ ತುಂಬುವಾಗ ಗಂಟು ಸಿಕ್ಕರೆ ಮಾಡುವ ಹಾಗೆ ಗಂಟಲು ಸರಿಮಾಡಿಕೊಂಡ. "ಅಕ್ಕಾ, ಮತ್ತೆ... ನೀನು ಹೇಗಿದ್ದೀಯ?"

ದೊಡ್ಡತ್ತೆ ಕಣ್ಣು ಬಿಟ್ಟಳು. ಯಾವ ಪ್ರಶ್ನೆಗೂ ನಾಲಿಗೆಯ ತುದಿಯಲ್ಲೇ ಉತ್ತರ ಇಟ್ಟುಕೊಂಡಿರುತ್ತಿದ್ದವಳು ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಾಯಿಸಿದಳು, ಸೆರಗಿಲ್ಲದ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡಳು, ಕಾಲು ಮಡಚಿ ಮಂಚದ ಮೇಲೆ ಸರಿಯಾಗಿ ಕೂತಳು.

"ಮಂಡಿಯಿಂದ ಶುರು ಮಾಡ್ಲೋ," ಎಂದಳು, "ಬೆನ್ನಿಂದ್ಲೋ?"

ಅತ್ತ ಕಡೆ ಅಪ್ಪ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.