ಗಟ್ಟಿ ಇರಬೇಕಾದ್ದೇ ಬ್ರೇಕು

ಸೌದಿಯ ತಾಯಿಫಿನಲ್ಲಿ ಗ್ಯಾರೇಜುಗಳೇ ತುಂಬಿದ ಆ ಬೀದಿಯಲ್ಲಿ ಮೊಹಿದ್ದೀನನ ಸಿಟ್ಟಿಗೆ ಯಾರೂ ಕಾರಣ ಕೇಳುವುದಿಲ್ಲ. ಚಹಾ ತಣ್ಣಗಿದ್ದರೆ ಸಿಟ್ಟು. ಬಿಸಿ ಇದ್ದರೆ, ಅದನ್ನು ಆರಿಸಿ ಕುಡಿಯಲು ಪುರುಸೊತ್ತು ಕೊಡದ ಲೋಕದ ಮೇಲೆ ಸಿಟ್ಟು. ಫರಂಗಿಪೇಟೆಯಿಂದ ಬಂದು ಇಪ್ಪತ್ತೇಳು ವರ್ಷವಾಯಿತು. ಬಂದಾಗ ತಲೆ ತುಂಬ ಗುಂಗುರು ಕೂದಲಿತ್ತು. ಈಗ ತಲೆ ಬೋಳು, ಎಡ ಮೊಣಕಾಲಿನಲ್ಲಿ ನೋವು. ಸಿಟ್ಟು ಮಾತ್ರ ಬಂದ ದಿನ ಇದ್ದಷ್ಟೇ ಇದೆ, ಒಂದು ತೊಲ ಕಡಿಮೆಯಾಗಿಲ್ಲ.

ಅವನು ರಿಪೇರಿ ಮಾಡುವುದು ದಬ್ಬಾಬ್‌ಗಳನ್ನು. ದಪ್ಪ ಟಯರಿನ ನಾಲ್ಕು ಚಕ್ರ, ಬೈಕಿನಂಥ ಹ್ಯಾಂಡಲ್ ಇರುವ ಗಾಡಿಗೆ ಸೌದಿಯಲ್ಲಿ ಹೇಳುವುದು ಹಾಗೆ. ಭಟ್ಕಳದ ಮೊಹಮ್ಮದ್ ಇಸ್ಮಾಯಿಲ್ ಸಾಹೇಬರ ಹನ್ನೆರಡು ದಬ್ಬಾಬ್‌ಗಳು ಶಫಾ ಬೆಟ್ಟದ ಮೇಲೆ ಬಾಡಿಗೆಗೆ ಓಡುತ್ತವೆ. ಅಲ್ಲಿ ನಿಂತು ಅವನ್ನು ಕೊಟ್ಟು ತೆಗೆದುಕೊಳ್ಳುವವನು ನೌಶಾದ್, ಮೊಹಿದ್ದೀನನ ಹೆಂಡತಿ ಸಫಿಯತಳ ತಮ್ಮ. ನಲವತ್ತರ ಹತ್ತಿರದ ಮೆತ್ತಗಿನ ಮನುಷ್ಯ. ಕೆಟ್ಟ ಗಾಡಿ ಲಾರಿ ಹತ್ತಿ ಬೆಟ್ಟ ಇಳಿದು ಮೊಹಿದ್ದೀನನ ತಗಡಿನ ಶೆಡ್ಡಿಗೆ ಬರುತ್ತದೆ. ಮೊಣಕಾಲಿನ ದೆಸೆಯಿಂದ ಅವನು ಬೆಟ್ಟ ಹತ್ತುವುದಿಲ್ಲ.

ಬಾಡಿಗೆಗೆ ಬರುವವರೆಂದರೆ ಅವನಿಗೆ ಆಗುವುದಿಲ್ಲ. ಶಾಕ್ ಅಬ್ಸಾರ್ಬರಿನ ಸ್ಪ್ರಿಂಗನ್ನು ಬಿಗಿ ಮಾಡಲು ಐದು ಮೆಟ್ಟಿಲುಗಳಿವೆ. ಕೂರುವವರ ತೂಕ ನೋಡಿ ಬೆಟ್ಟದ ಮೇಲೆ ನೌಶಾದ್ ಕೊಕ್ಕೆ ಸ್ಪ್ಯಾನರಿನಲ್ಲಿ ತಿರುಗಿಸಬೇಕು. ತೂಕ ಕೇಳಿದರೆ ಜನ ಸುಳ್ಳು ಹೇಳುತ್ತಾರೆ. ಎಪ್ಪತ್ತು ಕೆಜಿ ಅಂದವನು ನೂರಹತ್ತು ಇರುತ್ತಾನೆ, ಜೊತೆಗೆ ಮುಂದೆ ಎರಡು ಮಕ್ಕಳು, ಹಿಂದೆ ಒಂದು. ಗುಂಡಿಗೆ ಬಿದ್ದಾಗ ಸ್ಪ್ರಿಂಗು ತಳ ಮುಟ್ಟುತ್ತದೆ, ಆಮೇಲೆ ಬೈಗುಳ ಮೆಕ್ಯಾನಿಕ್ಕಿಗೆ. "ಹೆಣ್ಣು ನೋಡ್ಲಿಕ್ಕೆ ಬಂದದ್ದಾ ಇವರು, ತೂಕ ಮುಚ್ಚಿಡ್ಲಿಕ್ಕೆ?" ಎಂದು ಅವನು ಶೆಡ್ಡಿನ ಗೋಡೆಗೆ ಕೇಳುತ್ತಾನೆ.

ಆದರೆ ಕೆಲಸದಲ್ಲಿ ಅವನ ಮೇಲೆ ಬೆರಳು ತೋರಿಸುವ ಹಾಗಿರಲಿಲ್ಲ. ಬ್ರೇಕು ಬಿಗಿ ಮಾಡಿದ ಮೇಲೆ ತಾನೇ ಗಾಡಿ ಏರಿ, ಬೀದಿಯ ಇಳಿಜಾರಿನಲ್ಲಿ ಬಿಟ್ಟು, ಹಿಡಿದು ನಿಲ್ಲಿಸುತ್ತಾನೆ. ಒಪ್ಪಿಗೆಯಾದರೆ ಟ್ಯಾಂಕಿನ ಮೇಲೆ ಚಾಕ್‌ಪೀಸಿನಲ್ಲಿ 'ಮೊ' ಎಂದು ಕನ್ನಡದಲ್ಲಿ ಬರೆಯುತ್ತಾನೆ. ಆ ಗುರುತಿಲ್ಲದ ಗಾಡಿ ಬೆಟ್ಟ ಹತ್ತಬಾರದು. ಇಪ್ಪತ್ತೇಳು ವರ್ಷದಲ್ಲಿ ಆ ಗುರುತಿದ್ದ ಒಂದು ಬ್ರೇಕೂ ಕೈ ಕೊಟ್ಟಿಲ್ಲ ಎಂಬುದೇ ಅವನ ಆಸ್ತಿ.

ಹನ್ನೆರಡರಲ್ಲಿ ಮೂರು ಹಳೆಯ ಗಾಡಿಗಳು. ಅವಕ್ಕೆ ಈಗಲೂ ಕೇಬಲ್ ಬ್ರೇಕು, ಸೈಕಲ್ಲಿಗೆ ಇರುವಂಥದ್ದೇ. ಕೊಳವೆಯೊಳಗೆ ತಂತಿ ಸರಾಗವಾಗಿ ಜಾರಬೇಕು. ಆಗಸ್ಟಿನಲ್ಲಿ ಕೇಬಲ್ಲಿಗೆ ಹೊಡೆಯುವ ಸ್ಪ್ರೇ ಮುಗಿಯಿತು. ಮೂರು ಸಲ ಹೇಳಿದರೂ ಇಸ್ಮಾಯಿಲ್ ಸಾಹೇಬರು ತರಿಸಲಿಲ್ಲ. ನಾಲ್ಕನೇ ಸಲ ಹೇಳಲು ಮೊಹಿದ್ದೀನನ ಸಿಟ್ಟು ಬಿಡಲಿಲ್ಲ. ಕಪಾಟಿನಲ್ಲಿ ಸಫಿಯತ್ ಕಳಿಸಿದ ತೆಂಗಿನೆಣ್ಣೆಯ ಬಾಟಲಿಗಳಿದ್ದವು. ಊರಿನಿಂದ ಯಾರು ಬಂದರೂ ಅವಳು ಗಂಡನ ತಲೆಗೆಂದು ಒಂದು ಬಾಟಲಿ ಕಳಿಸುತ್ತಾಳೆ. ಹಚ್ಚಲು ಕೂದಲಿಲ್ಲ ಎಂದು ಅವನೂ ಹೇಳಿಲ್ಲ. ಊರಿನಲ್ಲಿ ಬೀಗಕ್ಕೆ, ಬಾಗಿಲಿನ ತಿರುಗಣಿಗೆ, ಹೊಲಿಗೆ ಮೆಶಿನ್ನಿಗೆ, ಸೈಕಲ್ಲಿಗೆ ಎಲ್ಲದಕ್ಕೂ ಬಿಡುವುದು ಅದೇ ಎಣ್ಣೆ. ಮೂರೂ ಗಾಡಿಗಳ ಕೇಬಲ್ಲಿಗೆ ಧಾರಾಳವಾಗಿ ಬಿಟ್ಟ. ಹಿಡಿಕೆ ಬೆಣ್ಣೆಯ ಹಾಗೆ ಜಾರಿತು. ಮೂರಕ್ಕೂ 'ಮೊ' ಬರೆದ.

ಡಿಸೆಂಬರಿನಲ್ಲಿ ಬೆಟ್ಟದ ಮೇಲೆ ಚಳಿ ಬಿತ್ತು. ಒಂದು ಬುಧವಾರ ಬೆಳಿಗ್ಗೆ ನೌಶಾದ್ ಫೋನ್ ಮಾಡಿದ.

"ಭಾವ, ಏಳನೇ ನಂಬರಿನ ಹಿಡಿಕೆ ಬೆಳಿಗ್ಗೆ ತುಂಬ ಗಟ್ಟಿ ಉಂಟು. ಬಿಸಿಲು ಬಂದ ಮೇಲೆ ಸರಿಯಾಗ್ತದೆ. ಒಮ್ಮೆ ನೋಡ್ತೀರಾ?"

"ಗಟ್ಟಿ ಇರಬೇಕಾದ್ದೇ ಬ್ರೇಕು! ಮೆತ್ತಗೆ ಇರ್ಲಿಕ್ಕೆ ಅದೆಂತ ನೀರುದೋಸೆಯಾ? ಗಾಡಿ ಕೊಡುವುದು ನಿನ್ನ ಕೆಲಸ, ಕೊಡು. ನನಗೆ ಕಲಿಸ್ಲಿಕ್ಕೆ ಬರಬೇಡ."

ನೌಶಾದ್ ಫೋನ್ ಇಟ್ಟ. ಅಕ್ಕನ ಗಂಡ, ಇಪ್ಪತ್ತೇಳು ವರ್ಷದ ಮೆಕ್ಯಾನಿಕ್, ಟ್ಯಾಂಕಿನ ಮೇಲೆ ಗುರುತು ಬೇರೆ. ಅವನಾದರೂ ಇನ್ನೇನು ಹೇಳಬೇಕಿತ್ತು?

ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ಆಸ್ಪತ್ರೆಯ ನರ್ಸುಗಳ ಗುಂಪೊಂದು ರಜೆಯೆಂದು ಶಫಾಕ್ಕೆ ಬಂತು. ಅದರಲ್ಲಿ ವಾರಿಜಾಕ್ಷಿ ಎಂಬವಳಿಗೆ ಏಳನೇ ನಂಬರ್ ಸಿಕ್ಕಿತು. ಮೊದಲ ಇಳಿಜಾರಿನಲ್ಲೇ ಗಾಡಿ ನಿಲ್ಲಲಿಲ್ಲ. ಕಲ್ಲಿನ ಕಟ್ಟೆಗೆ ಹೊಡೆದು ಮಗುಚಿತು. ಅವಳ ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು.

ಗಾಡಿ ಶೆಡ್ಡಿಗೆ ಬಂದಾಗ ಜುಮಾ ನಮಾಜು ಮುಗಿದು ಮಧ್ಯಾಹ್ನ ಎರಡು ಗಂಟೆ. ತಗಡಿನ ಮಾಡು ಬಿಸಿಲಿಗೆ ಚಟಚಟ ಎನ್ನುತ್ತಿತ್ತು. ಮೊಹಿದ್ದೀನ್ ಹಿಡಿಕೆ ಹಿಡಿದ. ಬೆಣ್ಣೆ. ಇಳಿಜಾರಿನಲ್ಲಿ ಬಿಟ್ಟು ನೋಡಿದ. ಗಾಡಿ ಹಿಡಿದಲ್ಲೇ ನಿಂತಿತು. ಮೂರು ಸಲ ನೋಡಿದ, ಮೂರು ಸಲವೂ ನಿಂತಿತು. ಅಷ್ಟೇ ಸಾಕಾಯಿತು ಅವನಿಗೆ.

"ಕುಣಿಯಲಿಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ!" ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ. "ಹಿಡಿಲಿಕ್ಕೆ ಗೊತ್ತಿಲ್ಲದವರಿಗೆ ಗಾಡಿ ಕೊಟ್ಟದ್ದು ಯಾರು? ತೋರಿಸಿಕೊಡದೆ ಕೊಟ್ಟದ್ದು ಯಾರು?"

ಅಷ್ಟರಲ್ಲಿ ಇಸ್ಮಾಯಿಲ್ ಸಾಹೇಬರು ಬಂದರು. ಅವರ ಮನೆಮಾತು ನವಾಯತಿ, ಇವನದು ಬ್ಯಾರಿ, ಮಾತಾಡುವುದು ಕನ್ನಡದಲ್ಲಿ. ಸಾಹೇಬರು ಯಾವತ್ತೂ ದನಿ ಏರಿಸಿದವರಲ್ಲ. ಅವರ ಪರವಾಗಿ ಏರಿಸಲು ಬೇರೆಯವರಿದ್ದರು.

"ಕಫೀಲ್ ಕೇಳ್ತಿದ್ದಾರೆ ಮೊಹಿದ್ದೀನ್. ಅವರಿಗೆ ಒಂದು ಹೆಸರು ಬೇಕು. ಗಾಡಿದಾ ತಪ್ಪು, ಕೊಟ್ಟವನದಾ?" ಇವರೆಲ್ಲರ ವೀಸಾ ಇದ್ದದ್ದು ಆ ಸೌದಿ ಕಫೀಲರ ಹೆಸರಿನಲ್ಲಿ.

"ಬ್ರೇಕ್ ಸರಿ ಉಂಟು. ನನ್ನ ಗುರುತು ಕಾಣುದಿಲ್ವಾ?"

"ಹಾಗಾದ್ರೆ ನೌಶಾದ್," ಎಂದರು ಸಾಹೇಬರು. "ಎಕ್ಸಿಟ್ ಹಾಕಿಸ್ತೇನೆ. ವೀಸಾ ಮುಗಿಸಿ ಮುಂದಿನ ವಾರ ಊರಿಗೆ ಹೋಗ್ಲಿ."

ಬುಧವಾರ ನೌಶಾದ್ ಫೋನ್ ಮಾಡಿದ್ದ ಎಂಬ ಮಾತು ಮೊಹಿದ್ದೀನನ ಬಾಯಿಯವರೆಗೆ ಬಂತು. ಬ್ರೇಕು ಸರಿ ಇದೆ ಎಂದು ಈಗಷ್ಟೇ ಹೇಳಿದ ಬಾಯಿ ಅದು. ಹೊರಗೆ ಬಂದದ್ದು ಬೈಗುಳ ಮಾತ್ರ. ಸಾಹೇಬರ ಕಾರಿಗೆ, ನರ್ಸಿಗೆ, ನೌಶಾದನಿಗೆ, ಎಲ್ಲರಿಗೂ ಬೈದ. ಸಂಜೆ ಸಫಿಯತ್ ಫೋನ್ ಮಾಡಿ ಒಂದೇ ಮಾತು ಕೇಳಿದಳು: "ಅವನು ಬುಧವಾರವೇ ನಿಮಗೆ ಹೇಳಿದ್ದನಂತೆ, ಹೌದಾ?" ಅವನು ಅವಳ ಮೇಲೂ ರೇಗಿ ಫೋನ್ ಕಟ್ ಮಾಡಿದ.

ಭಾನುವಾರ ಅವನು ಆಸ್ಪತ್ರೆಗೆ ಹೋದ. ಕ್ಷಮೆ ಕೇಳಲು ಅಲ್ಲ. ಬ್ರೇಕು ಹಿಡಿಯಲು ಗೊತ್ತಿರಲಿಲ್ಲ ಎಂದು ಅವಳ ಬಾಯಲ್ಲೇ ಹೇಳಿಸಲು ಹೋದ. ವಾರಿಜಾಕ್ಷಿ ಕಟಪಾಡಿಯವಳು, ಕೈಗೆ ಪ್ಲೇಟು ಹಾಕಿಸಿಕೊಂಡು ವಾರ್ಡಿನಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಅವಳ ಗೆಳತಿ ಶಬ್ನಮ್, ಹೊರಗಿನ ಚಳಿಯಲ್ಲಿ ಕ್ವಾರ್ಟರ್ಸಿನಿಂದ ಆಗಷ್ಟೇ ಬಂದವಳು, ಚೀಲ ಬಿಚ್ಚುತ್ತಿದ್ದಳು.

"ಎಂತ ಸಿಸ್ಟರ್, ಬ್ರೇಕ್ ಹಿಡಿಲಿಕ್ಕೆ ಬರುದಿಲ್ಲ ಅಂತಾದ್ರೆ ಹತ್ತಿದ್ದು ಎಂತಕ್ಕೆ?"

ಹದಿನೆಂಟು ವರ್ಷ ರೋಗಿಗಳ ಮನೆಯವರ ಬೊಬ್ಬೆ ಕೇಳಿದ ಹೆಂಗಸು ಅವಳು. ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಬೊಬ್ಬೆ ಹೊಡಿಬೇಡಿ ಸಾಹೇಬ್ರೇ, ಇದು ವಾರ್ಡು. ತೊಂಬತ್ತು ಕೆಜಿಯ ಗಂಡಸರನ್ನು ಮಗ್ಗುಲು ತಿರುಗಿಸುವ ಕೈ ನನ್ನದು. ಎರಡೂ ಕೈಯಲ್ಲಿ ಹಿಡಿದೆ. ಹಿಡಿಕೆ ಬಗ್ಗಲಿಲ್ಲ. ನಿಮ್ಮ ನೌಶಾದ್ ಪಾಪ, ನಾಲ್ಕು ಸಲ ತೋರಿಸಿಕೊಟ್ಟಿದ್ರು."

"ಗಾಡಿ ನನ್ನ ಶೆಡ್ಡಲ್ಲಿ ಉಂಟು. ಬ್ರೇಕ್ ಬೆಣ್ಣೆ ಹಾಗೆ ಉಂಟು."

"ಇರಬಹುದು. ನನ್ನ ಕೈ ಇಲ್ಲುಂಟು," ಎಂದಳು ಅವಳು. ಆಮೇಲೆ ಶಬ್ನಮ್ ಹೊರತೆಗೆದ ಬಾಟಲಿಯ ಕಡೆ ತಲೆ ಆಡಿಸಿದಳು. "ಬೈದು ಮುಗಿದಿದ್ರೆ ಅದನ್ನು ಸ್ವಲ್ಪ ಆ ಬಿಸಿನೀರಿನ ಮಗ್ಗಿಗೆ ಇಡಿ. ಮೂರು ದಿನವಾಯ್ತು ತಲೆ ಬಾಚದೆ. ಎಣ್ಣೆ ಚಳಿಗೆ ಕಲ್ಲಾಗಿದೆ."

ಮೊಹಿದ್ದೀನ್ ಬಾಟಲಿ ಎತ್ತಿಕೊಂಡ. ಒಳಗೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಬೋರಲು ಹಿಡಿದ. ಒಂದು ಹನಿಯೂ ಕದಲಲಿಲ್ಲ. ಹಾಗೆಯೇ ಹಿಡಿದುಕೊಂಡು ನಿಂತುಬಿಟ್ಟ. ಕೊನೆಗೆ ಶಬ್ನಮಳೇ ಬಂದು ಅವನ ಕೈಯಿಂದ ಬಾಟಲಿ ಬಿಡಿಸಿಕೊಂಡಳು.

ಆ ಸಂಜೆ ಏಳನೇ ನಂಬರನ್ನು ಶೆಡ್ಡಿನಿಂದ ಹೊರಗೆ ತಂದು ಬಯಲಿನಲ್ಲಿ ನಿಲ್ಲಿಸಿದ. ಮರುದಿನ ನಸುಕಿನಲ್ಲಿ ಸುಬುಹಿ ನಮಾಜು ಮುಗಿಸಿ ಬಂದು ಹಿಡಿಕೆ ಹಿಡಿದ. ಅದು ಬಗ್ಗಲಿಲ್ಲ. ಎರಡೂ ಕೈ ಹಾಕಿದ. ಬಗ್ಗಲಿಲ್ಲ. ಕೇಬಲ್ ಬಿಚ್ಚಿ ಕೊಳವೆಯಿಂದ ತಂತಿ ಎಳೆದಾಗ ಮೈತುಂಬ ಬಿಳಿಯ ಜಿಡ್ಡು ಮೆತ್ತಿಕೊಂಡು ಬಂತು. ಮೂಸಿ ನೋಡುವ ಅಗತ್ಯವಿರಲಿಲ್ಲ. ಆದರೂ ಮೂಸಿದ. ಅವನ ಮನೆಯ ವಾಸನೆ ಅದು.

ಇಷ್ಟು ವರ್ಷ ಊರವರ ಮೇಲೆಲ್ಲ ಹಂಚಿದ ಸಿಟ್ಟು ಒಟ್ಟಾಗಿ ಅವನ ಮೇಲೆಯೇ ಬಂತು. ಚಳಿ ಊರು ಎಂದು ಗೊತ್ತಿದ್ದೂ ಕರಾವಳಿಯ ಎಣ್ಣೆ ಬಿಟ್ಟವನು ಅವನು. ಬೆಳಗಿನ ಬ್ರೇಕನ್ನು ಮಧ್ಯಾಹ್ನ ಪರೀಕ್ಷೆ ಮಾಡಿದವನು ಅವನು. ಹೇಳಿದವನ ಬಾಯಿ ಮುಚ್ಚಿಸಿದವನೂ ಅವನೇ. ಬೋಳು ತಲೆಗೆ ರಪರಪ ಎಂದು ಹೊಡೆದುಕೊಂಡ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಇಲ್ಲಿ ಮೂಗು ನೌಶಾದನದ್ದು, ಮಣಿಕಟ್ಟು ಇನ್ನೊಬ್ಬಳದ್ದು.

ಆ ತಂತಿಯನ್ನು ಹಿಡಿದುಕೊಂಡೇ ಇಸ್ಮಾಯಿಲ್ ಸಾಹೇಬರ ಆಫೀಸಿಗೆ ಹೋದ. ಮೇಜಿನ ಮೇಲೆ ಹಾಕಿ ಎಲ್ಲ ಹೇಳಿದ. ಸಾಹೇಬರು ಟಿಶ್ಯೂ ಪೇಪರಿನಿಂದ ಮೇಜಿನ ಜಿಡ್ಡು ಒರೆಸಿದರು.

"ಎಕ್ಸಿಟ್ ಹಾಕಿಯಾಗಿದೆ ಮೊಹಿದ್ದೀನ್. ನೀನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ನೌಶಾದ್ ಹೋದ್ರೆ ಬೇರೆಯವ ಸಿಗ್ತಾನೆ. ನಿನ್ನಂಥವನು ಎಲ್ಲಿ ಸಿಗ್ತಾನೆ?"

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆಯಾ?" ಮೊಹಿದ್ದೀನನ ದನಿಗೆ ಆಫೀಸಿನ ಗಾಜು ನಡುಗಿತು. "ಸ್ಪ್ರೇ ತರಿಸದವರು ನೀವು. ಎಣ್ಣೆ ಬಿಟ್ಟವ ನಾನು. ಹೋಗುವವ ಅವನಾ? ಅವನ ಎಕ್ಸಿಟ್ ಕ್ಯಾನ್ಸಲ್ ಆಗದೆ ಒಂದು ಗಾಡಿ ಬೆಟ್ಟ ಹತ್ತುದಿಲ್ಲ. ಫೋನ್ ಮಾಡಿ ಕಫೀಲಿಗೆ. ನಾನೇ ಮಾತಾಡ್ತೇನೆ."

ಮಾತಾಡಿದ. ತನಗೆ ಬರುವ ಹರುಕು ಅರಬಿಯಲ್ಲಿ "ಅನಾ ಗಲತಾನ್, ಅನಾ," ತಪ್ಪು ನನ್ನದು ಎಂದು ಎದೆ ಬಡಿದುಕೊಂಡು ಹೇಳಿದ. ಕಫೀಲ್ ಎಲ್ಲ ಕೇಳಿ ನಕ್ಕುಬಿಟ್ಟರು. ನೌಶಾದನ ಎಕ್ಸಿಟ್ ರದ್ದು ಮಾಡಿ, ನರ್ಸಿಗೆ ಏನು ಬೇಕೋ ನೋಡಿಕೊಳ್ಳಿ, ಮೆಕ್ಯಾನಿಕ್ಕನ್ನು ಮಾತ್ರ ಕಳಿಸಬೇಡಿ ಎಂದರು.

ಇದರಿಂದ ಮೊಹಿದ್ದೀನನಿಗೆ ಇನ್ನೂ ಸಿಟ್ಟು ಬಂತು. ಮಾಡದ ತಪ್ಪಿಗೆ ಒಬ್ಬನನ್ನು ವಿಮಾನ ಹತ್ತಿಸಲು ಹೊರಟಿದ್ದರು. ಅದೇ ತಪ್ಪನ್ನು ನಿಜವಾಗಿ ಮಾಡಿದವನಿಗೆ ನಗು. ತಪ್ಪಿಗೂ ಮನುಷ್ಯನ ತೂಕ ನೋಡಿ ಸ್ಪ್ರಿಂಗು ತಿರುಗಿಸುತ್ತಾರೆ ಈ ಲೋಕದಲ್ಲಿ. ಅದನ್ನು ಹೇಳಿದರೆ ಕೇಳುವವರು ಯಾರು?

ವಾರಿಜಾಕ್ಷಿಗೂ ಹೋಗಿ ಹೇಳಿದ. ಅವಳು ಪರವಾಗಿಲ್ಲ ಎನ್ನಲಿಲ್ಲ. "ನಾನು ಮೊನ್ನೆಯೇ ಹೇಳಿದ್ದು ಇದೇ ಅಲ್ವಾ ಸಾಹೇಬ್ರೇ?" ಎಂದಳು, ಅಷ್ಟೆ.

ಮುಂದಿನ ಶುಕ್ರವಾರ ಬೆಳಿಗ್ಗೆ ಆರೂವರೆಗೆ ಮೊಹಿದ್ದೀನ್ ಲಾರಿಯಲ್ಲಿ ಶಫಾ ಬೆಟ್ಟ ಹತ್ತಿದ. ಹಳೆಯ ಗಾಡಿಗಳಿಗೆ ಹೊಸ ಕೇಬಲ್ ಹಾಕಿ, ಹೊಸ ಸ್ಪ್ರೇ ಹೊಡೆದು ಮೊದಲೇ ಕಳಿಸಿದ್ದ. ಜಾಲಿಗಿಡಗಳ ಮೇಲೆ ಮಂಜಿತ್ತು. ನೌಶಾದ್ ಗಾಡಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ. ಸಲಾಂ ಹೇಳಿ ಮತ್ತೆ ಗಾಡಿಗಳ ಕಡೆ ಮುಖ ಮಾಡಿದ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಮೊಹಿದ್ದೀನನಿಗೆ ಆಡಲು ಬರಲಿಲ್ಲ. "ಎಂತ, ಮುಖ ಊದಿಸ್ಕೊಂಡು ನಿಂತಿದ್ದೀಯಲ್ಲ?" ಎಂದುಬಿಟ್ಟ.

ನೌಶಾದ್ ತಿರುಗಿದ. ಅಷ್ಟು ಕೆಂಪಾದ ಅವನ ಮುಖವನ್ನು ಮೊಹಿದ್ದೀನ್ ನೋಡಿರಲಿಲ್ಲ.

"ಬುಧವಾರ ಹೇಳಿದೆ ನಾನು. ಕೇಳಿದ್ರಾ? ನೀವು ಬೈದ ಮೇಲೂ ಹಿಡಿಕೆ ಗಟ್ಟಿಯೇ ಇತ್ತು ಭಾವ. ನನ್ನ ಕೈಗೆ ಗೊತ್ತಿತ್ತು. ನಿಮ್ಮ ಗುರುತು ನೋಡಿ ಗಾಡಿ ಕೊಟ್ಟೆ. ಆ ಅಕ್ಕ ಬಿದ್ದಾಗ ಕೂಗಿದ್ದು ಇನ್ನೂ ಕಿವಿಯಲ್ಲುಂಟು. ನಿಮಗೆ ಸಿಟ್ಟು ಬರ್ತದೆ ಅಂತ ನಾವೆಲ್ಲ ಬಾಯಿ ಮುಚ್ಕೊಂಡೇ ಇರಬೇಕಾ?"

ಬೇರೆಯವರ ಸಿಟ್ಟನ್ನು ಪೂರ್ತಿ ಕೇಳಿ ಮೊಹಿದ್ದೀನನಿಗೆ ಅಭ್ಯಾಸವಿರಲಿಲ್ಲ. ಕೇಳಿದ. ಆಮೇಲೆ ತಲೆಯ ರುಮಾಲು ಬಿಚ್ಚಿ ಹನ್ನೆರಡೂ ಟ್ಯಾಂಕುಗಳ ಮೇಲಿನ 'ಮೊ' ಒರೆಸಿದ. ಜೇಬಿನಿಂದ ಚಾಕ್‌ಪೀಸು ತೆಗೆದು ನೌಶಾದನ ಕೈಗಿಟ್ಟ.

"ಇನ್ನು ಬೆಳಿಗ್ಗೆ ನೀನು ಹಿಡಿದು ನೋಡು. ಗುರುತು ನೀನು ಹಾಕು."

ನೌಶಾದ್ ಒಂದೊಂದೇ ಹಿಡಿಕೆ ಹಿಡಿಯುತ್ತ ಹೋದ. ಹಿಡಿದು, ಬಿಟ್ಟು, ಮತ್ತೆ ಹಿಡಿದು ಗೀಟು ಹಾಕಿದ. ಹತ್ತನೇ ನಂಬರಿನ ಹತ್ತಿರ ನಿಂತು ಎರಡು ಸಲ ಹಿಡಿದ. ಕೇಬಲ್ಲಿಗೆ ನಿನ್ನೆ ತಾನೆ ಮೊಹಿದ್ದೀನ್ ಸ್ಪ್ರೇ ಹೊಡೆದ ಗಾಡಿ ಅದು.

"ಇದು ಬೇಡ ಭಾವ. ಗಟ್ಟಿ ಉಂಟು."

ಗಟ್ಟಿ ಇರಬೇಕಾದ್ದೇ ಬ್ರೇಕು ಎಂಬ ಮಾತು ಮೊಹಿದ್ದೀನನ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿ, ನೋಯುವ ಮೊಣಕಾಲನ್ನು ತಣ್ಣನೆಯ ಕಲ್ಲಿಗೆ ಊರಿ ಕುಳಿತು, ಸ್ಪ್ಯಾನರಿನ ಪೆಟ್ಟಿಗೆ ತೆರೆದ.